ಕವಲುಕಡ್ಡಿಯ ಪರೀಕ್ಷೆ: ಲೋಹಶೋಧನೆಯ ಅಂಧಪರೀಕ್ಷೆ ರೂಪುಗೊಂಡ ಬಗೆ

ಭೂಮಿಯೊಳಗೆ ಅಡಗಿರುವ ಲೋಹವನ್ನು ಕೈಯಲ್ಲಿ ಹಿಡಿದ ಕವಲುಕಡ್ಡಿಯ ಚಲನೆಯಿಂದ ಗುರುತಿಸಬಹುದೆಂಬ ನಂಬಿಕೆ ಯೂರೋಪಿನಲ್ಲಿ ಸುಮಾರು ಐದು ಶತಮಾನಗಳಿಂದ ನಡೆದುಬಂದಿದೆ. ಆ ನಂಬಿಕೆಯ ಚರಿತ್ರೆ ಎಷ್ಟು ವಿವೇಚನಾರ್ಹವೋ ಅದರ ಪರೀಕ್ಷೆಯ ಚರಿತ್ರೆಯೂ ಅಷ್ಟೇ ವಿವೇಚನಾರ್ಹವಾದುದು. ಕಡ್ಡಿಯು ನಿಜವಾಗಿ ಲೋಹವನ್ನು ತೋರಿಸುವುದೆ ಎಂಬ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಯಾವ ಸಂಗತಿಯನ್ನು ಯಾರಿಂದ ಮರೆಸಿಡಬೇಕೆಂಬುದು ವಿದ್ವಾಂಸರಿಗೆ ಒಮ್ಮೆಗೇ ಹೊಳೆಯಲಿಲ್ಲ. ಅದು ಹಂತಹಂತವಾಗಿ, ಅನೇಕ ಎಡವುಗಳ ಬಳಿಕ ತಿಳಿದುಬಂದಿತು. ಆ ಹಂತಗಳನ್ನು ಗುರುತಿಸುವುದೂ ಅವುಗಳಿಂದ ನ್ಯಾಯವಾದ ಪರೀಕ್ಷೆಯೊಂದರ ಲಕ್ಷಣಗಳನ್ನು ನಿರ್ಣಯಿಸುವುದೂ ಪ್ರಸ್ತುತ ಲೇಖನದ ಉದ್ದೇಶ.

ಕಡ್ಡಿ ಹಿಡಿದು ಹುಡುಕುವವನನ್ನು ಇಲ್ಲಿ ಶೋಧಕನೆಂದೂ ಅವನ ಶಕ್ತಿಯನ್ನು ಅಳೆಯುವವನನ್ನು ಪರೀಕ್ಷಕನೆಂದೂ ಕರೆದಿದೆ. ಸರಿಯುತ್ತರ ಶೋಧಕನಿಗೆ ತಿಳಿಯದಂತೆ ನಡೆಸುವುದು ಅಂಧಪರೀಕ್ಷೆ. ಅದು ಶೋಧಕನಿಗೂ ಅವನ ಬಳಿಯಿರುವ ಪರೀಕ್ಷಕನಿಗೂ ತಿಳಿಯದಂತೆ ನಡೆಸುವುದು ಉಭಯಾಂಧ ಪರೀಕ್ಷೆ.

1. ಗಣಿಗಾರರ ಕಡ್ಡಿ

ಕವಲುಕಡ್ಡಿಯನ್ನು ಕುರಿತ ಮೊದಲ ವಿಸ್ತಾರವಾದ ಚರ್ಚೆ ಜರ್ಮನಿಯ ವಿದ್ವಾಂಸ ಜಾರ್ಜಿಯಸ್ ಅಗ್ರಿಕೋಲನ ‘ಡೆ ರೆ ಮೆಟಾಲಿಕಾ’ ಎಂಬ ಗ್ರಂಥದಲ್ಲಿ ದೊರೆಯುತ್ತದೆ. ಗಣಿಗಾರಿಕೆಯನ್ನು ಕುರಿತ ಈ ಲ್ಯಾಟಿನ್ ಗ್ರಂಥವು ಅವನು ತೀರಿಕೊಂಡ ಮರುವರ್ಷ, ಎಂದರೆ 1556ರಲ್ಲಿ, ಬಾಸೆಲ್ ನಗರದಲ್ಲಿ ಅಚ್ಚಾಯಿತು. ಬೆಳ್ಳಿಯ ನಾಳಕ್ಕೆ ಹೇಜಲ್ ಮರದ ಕವಲು, ತಾಮ್ರಕ್ಕೆ ಆಷ್ ಮರದ ಕವಲು, ಚಿನ್ನಕ್ಕೆ ಕಬ್ಬಿಣ ಅಥವಾ ಉಕ್ಕಿನ ಕಡ್ಡಿ ಎಂದು ಗಣಿಗಾರರು ಭೇದ ಕಲ್ಪಿಸಿದ್ದುದನ್ನು ಅವನು ದಾಖಲಿಸುತ್ತಾನೆ. ಕಡ್ಡಿಯ ಪರವಾಗಿಯೂ ವಿರೋಧವಾಗಿಯೂ ಇದ್ದ ವಾದಗಳನ್ನು ಮುಂದಿಟ್ಟು, ನೆಲದ ಸಹಜ ಲಕ್ಷಣಗಳನ್ನು ಓದಬಲ್ಲ ಜಾಣ ಗಣಿಗಾರನಿಗೆ ಕಡ್ಡಿಯ ಅಗತ್ಯವಿಲ್ಲವೆಂದು ತೀರ್ಮಾನಿಸುತ್ತಾನೆ.

ಆ ವಾದಗಳಲ್ಲಿ ಒಂದು ನಮ್ಮ ವಿಷಯಕ್ಕೆ ಮುಖ್ಯವಾದುದು. ಲೋಹಕ್ಕೆ ಕಡ್ಡಿಯನ್ನು ಸೆಳೆಯುವ ಗುಣವಿದ್ದರೆ ಅದು ಎಲ್ಲರ ಕೈಯಲ್ಲಿಯೂ ಬಾಗಬೇಕು. ಹಾಗೆ ಬಾಗುವುದಿಲ್ಲವೆಂಬುದು ವಿರೋಧಿಗಳ ಆಕ್ಷೇಪ. ಹಿಡಿದವನ ದೇಹದ ಯಾವುದೋ ವಿಶೇಷ ಗುಣ ಕೆಲವೊಮ್ಮೆ ಆ ಶಕ್ತಿಗೆ ಅಡ್ಡಿಯಾಗುತ್ತದೆಂಬುದು ಪರವಾದಿಗಳ ಸಮಾಧಾನ. ಸೋಲು ಎದುರಾದ ಮೇಲೆ ಕಾರಣ ಹುಡುಕುವ ಈ ರೂಢಿ ಮುಂದಿನ ಎಲ್ಲ ಶತಮಾನಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಪರೀಕ್ಷೆಯ ನಿಯಮಗಳನ್ನು ಮೊದಲೇ ಗೊತ್ತುಮಾಡಬೇಕೆಂಬ ವಿಧಿಯ ಬೀಜ ಇಲ್ಲಿಯೇ ಇದೆ.

2. ಲಿಯಾನಿನ ಮಚ್ಚು, ಪ್ಯಾರಿಸಿನ ಗುಂಡಿಗಳು

1692ರ ಜುಲೈ 5ರಂದು ಫ್ರಾನ್ಸಿನ ಲಿಯಾನ್ ನಗರದಲ್ಲಿ ಮದ್ಯದ ವರ್ತಕನೊಬ್ಬನೂ ಅವನ ಹೆಂಡತಿಯೂ ನೆಲಮಾಳಿಗೆಯಲ್ಲಿ ಕೊಲೆಯಾದರು. ಅಪರಾಧಿಗಳ ಸುಳಿವು ದೊರೆಯದಿರಲು ದೋಫಿನೇ ಪ್ರಾಂತದಿಂದ ಜಾಕ್ ಐಮಾರ್ ಎಂಬ ರೈತನನ್ನು ಕರೆಸಲಾಯಿತು. ನೀರು, ಲೋಹಗಳಿಗೆ ಮಾತ್ರವಲ್ಲದೆ ಕೊಲೆಗಾರರ ಜಾಡಿಗೂ ತನ್ನ ಕಡ್ಡಿ ಬಾಗುವುದೆಂದು ಅವನು ಹೇಳಿಕೊಳ್ಳುತ್ತಿದ್ದನು. ಅಧಿಕಾರಿಗಳು ಅವನನ್ನು ಪರೀಕ್ಷಿಸದೆ ಬಿಡಲಿಲ್ಲವೆಂಬುದು ಗಮನಾರ್ಹ. ರಕ್ತ ಹತ್ತಿದ ಮಚ್ಚಿನೊಡನೆ, ಅದೇ ತಯಾರಕನಿಂದ ಕೊಂಡ ಅಂಥವೇ ಬೇರೆ ಕೆಲವು ಮಚ್ಚುಗಳನ್ನು ತೋಟದಲ್ಲಿ ಹೂಳಿದರು. ಕಡ್ಡಿ ಕೊಲೆಯ ಮಚ್ಚಿನ ಮೇಲೆ ಮಾತ್ರ ಬಾಗಿತು. ಬಳಿಕ ಪ್ರಾಂತಾಧಿಕಾರಿಯೇ ಐಮಾರನ ಕಣ್ಣು ಕಟ್ಟಿ, ಮಚ್ಚುಗಳನ್ನು ತಾನೇ ಹುಲ್ಲಿನಲ್ಲಿ ಅಡಗಿಸಿಟ್ಟು ನೋಡಿದನು. ಫಲ ಮೊದಲಿನಂತೆಯೇ ಬಂದಿತು.

ಈ ಪರೀಕ್ಷೆಯಲ್ಲಿ ಮೆಚ್ಚತಕ್ಕ ಅಂಶಗಳಿವೆ. ಒಂದೇ ಬಗೆಯ ವಸ್ತುಗಳನ್ನು ಹೋಲಿಕೆಗಾಗಿ ಇಟ್ಟುದು, ಕಣ್ಣು ಕಟ್ಟಿದುದು, ಪರೀಕ್ಷೆಯನ್ನು ಮರಳಿ ಮಾಡಿದುದು—ಇವೆಲ್ಲ ಇಂದಿನ ಪ್ರಯೋಗಶಾಲೆಯಲ್ಲಿಯೂ ಮಾನ್ಯವಾದ ಕ್ರಮಗಳೇ. ಆದರೆ ದೋಷಗಳೂ ಅಷ್ಟೇ ಸ್ಪಷ್ಟವಾಗಿವೆ. ಮಚ್ಚನ್ನು ಎಲ್ಲಿ ಇಡಬೇಕೆಂಬುದನ್ನು ಚೀಟಿಯೆತ್ತಿ ನಿರ್ಣಯಿಸಲಿಲ್ಲ. ಅದನ್ನು ಅಡಗಿಸಿಟ್ಟವನೇ ಶೋಧಕನೊಡನೆ ನಡೆದನು. ಅವನ ಉಸಿರು, ನಿಲುವು, ಹೆಜ್ಜೆಯ ತಡವರಿಕೆಗಳನ್ನು ಕಣ್ಣುಪಟ್ಟಿ ತಡೆಯಲಾರದು. ವಸ್ತುಗಳು ಕೆಲವೇ ಆಗಿದ್ದುದರಿಂದ, ಆಯ್ಕೆ ಅದೃಷ್ಟದಿಂದ ಸರಿಯಾಗುವ ಸಂಭವವೂ ಅಲ್ಪವೇನಲ್ಲ.

ಇಷ್ಟರ ಮೇಲೆ ಐಮಾರನು ರೋನ್ ನದಿಯ ಗುಂಟ ಬೋಕೇರ್ ಪಟ್ಟಣದವರೆಗೆ ಜಾಡು ಹಿಡಿದು ಹೋಗಿ, ಅಲ್ಲಿನ ಸೆರೆಮನೆಯಲ್ಲಿದ್ದ ಗೂನುಬೆನ್ನಿನ ತರುಣನೊಬ್ಬನನ್ನು ತೋರಿಸಿದನು. ಆ ತರುಣನು ಮೊದಲು ನಿರಾಕರಿಸಿ, ಬಳಿಕ ತಾನು ಕೊಲೆಗಾರರ ಜೊತೆಯಲ್ಲಿದ್ದುದಾಗಿ ಒಪ್ಪಿಕೊಂಡನು. ಅದೇ ವರ್ಷ ಅವನನ್ನು ಚಕ್ರಕ್ಕೆ ಕಟ್ಟಿ ಮೂಳೆ ಮುರಿದು ಕೊಂದರು. ಅವನು ತಪ್ಪಿತಸ್ಥನೋ ಅಲ್ಲವೋ ಇಂದು ನಿರ್ಣಯಿಸುವಂತಿಲ್ಲ. ಅವನ ಕಡೆಗೆ ಬೆರಳು ತೋರಿಸಿದ ಸಾಕ್ಷ್ಯದ ಬುಡದಲ್ಲಿ ದೋಷಯುಕ್ತವಾದ ಪರೀಕ್ಷೆಯೊಂದು ಇದ್ದಿತೆಂಬುದು ಮಾತ್ರ ನಿಸ್ಸಂದೇಹ. ಪರೀಕ್ಷೆಯ ರಚನೆ ಕೇವಲ ಪಂಡಿತರ ವಿನೋದದ ವಿಷಯವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

1693ರಲ್ಲಿ ಕೊಂದೆಯ ರಾಜಕುಮಾರನು ಐಮಾರನನ್ನು ಪ್ಯಾರಿಸಿಗೆ ಕರೆಸಿಕೊಂಡನು. ತೋಟದಲ್ಲಿ ಗುಂಡಿಗಳನ್ನು ತೋಡಿಸಿ ಬೇರೆಬೇರೆ ಗುಂಡಿಗಳಲ್ಲಿ ಚಿನ್ನ, ಬೆಳ್ಳಿ, ತಾಮ್ರ, ಕಲ್ಲುಗಳನ್ನು ಇರಿಸಿ ಮುಚ್ಚಿಸಲಾಯಿತು. ಇಲ್ಲಿ ಕಡ್ಡಿ ಲೋಹಗಳನ್ನು ಗುರುತಿಸಲು ಸೋತಿತು. ಲಿಯಾನಿನಲ್ಲಿ ಗೆದ್ದವನು ಪ್ಯಾರಿಸಿನಲ್ಲಿ ಸೋತುದಕ್ಕೆ ಅಂದಿನವರು ಹಲವು ಕಾರಣಗಳನ್ನು ಕಲ್ಪಿಸಿದರು. ಅದೇ ವರ್ಷ ಪಾದ್ರಿ ಪಿಯೇರ್ ಲ ಬ್ರಂ ಈ ವಿಷಯವಾಗಿ ಪತ್ರರೂಪದ ಗ್ರಂಥವೊಂದನ್ನು ಪ್ರಕಟಿಸಿ, ಕಡ್ಡಿಯ ಚಲನೆ ಹಿಡಿದವನ ಇಂಗಿತವನ್ನು ಅನುಸರಿಸುವುದೆಂದು ತೋರಿಸಿದನು. ಅಪರಾಧ ವಿಚಾರಣೆಯಲ್ಲಿ ಕಡ್ಡಿಯ ಬಳಕೆಯನ್ನು ರೋಮಿನ ಧರ್ಮವಿಚಾರಣಾ ಸಭೆ 1701ರಲ್ಲಿ ನಿಷೇಧಿಸಿತು.

3. ಕಣ್ಣುಪಟ್ಟಿಯಿಂದ ಮನಸ್ಸಿನ ಕಡೆಗೆ

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕವಲುಕಡ್ಡಿಗೆ ಹೊಸ ಬಗೆಯ ಸಮರ್ಥನೆ ದೊರೆಯಿತು. 1781ರಲ್ಲಿ ವೈದ್ಯ ಪಿಯೇರ್ ತೂವ್‌ನೆಲ್ ಎಂಬುವನು ಬ್ಲೆತೋ ಎಂಬ ಜಲಶೋಧಕನ ಪ್ರಯೋಗಗಳನ್ನು ಪ್ರಕಟಿಸಿ, ಕಡ್ಡಿಯ ಚಲನೆಗೂ ಕಾಂತಶಕ್ತಿ, ವಿದ್ಯುಚ್ಛಕ್ತಿಗಳಿಗೂ ಸಂಬಂಧ ಕಲ್ಪಿಸಿದನು. ಅದೇ ಕಾಲದಲ್ಲಿ ಪ್ಯಾರಿಸಿನಲ್ಲಿ ಮೆಸ್ಮರನ ‘ಪ್ರಾಣಿಕಾಂತತ್ವ’ ಪ್ರಸಿದ್ಧವಾಗಿದ್ದಿತು. ಇದನ್ನು ವಿಚಾರಿಸಲು 1784ರಲ್ಲಿ ದೊರೆ ನೇಮಿಸಿದ ಆಯೋಗದಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ಲಾವ್ವಾಸ್ಯೇ, ಬಾಯಿ ಮೊದಲಾದವರಿದ್ದರು. ಆಯೋಗದ ವಿಷಯ ಕವಲುಕಡ್ಡಿಯಲ್ಲದಿದ್ದರೂ ಅದು ಹಿಡಿದ ವಿಧಾನ ನಮ್ಮ ಚರಿತ್ರೆಯಲ್ಲಿ ಬಹು ದೊಡ್ಡ ಹೆಜ್ಜೆ. ಪಾಸ್ಸಿಯಲ್ಲಿದ್ದ ಫ್ರಾಂಕ್ಲಿನನ ತೋಟದಲ್ಲಿ ಒಂದು ಮರಕ್ಕೆ ಮಾತ್ರ ಕಾಂತಶಕ್ತಿಯನ್ನು ತುಂಬಿದುದಾಗಿ ಮೆಸ್ಮರನ ಶಿಷ್ಯ ದೆಲೋ ಹೇಳಿದನು. ಹನ್ನೆರಡು ವರ್ಷದ ಹುಡುಗನೊಬ್ಬನ ಕಣ್ಣು ಕಟ್ಟಿ, ಶಕ್ತಿ ತುಂಬದ ಬೇರೆ ಮರಗಳ ಬಳಿಗೆ ಒಂದಾದ ಮೇಲೊಂದರಂತೆ ಕರೆದೊಯ್ದರು. ನಾಲ್ಕನೆಯ ಮರದ ಬಳಿ ಅವನು ಮೂರ್ಛೆಹೋದನು. ಶಕ್ತಿಯಿಲ್ಲದೆಡೆ ಶಕ್ತಿಯ ಫಲ ಕಂಡಿತೆಂದ ಮೇಲೆ ಕಾರಣ ನಿರೀಕ್ಷೆಯೇ ಎಂಬುದು ಆಯೋಗದ ತೀರ್ಮಾನ.

ಕಡ್ಡಿಯ ವಿಷಯದಲ್ಲಿ ಈ ತಿಳಿವನ್ನು ಪೂರ್ಣಗೊಳಿಸಿದ ಕೀರ್ತಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರಲ್‌ಗೆ ಸಲ್ಲಬೇಕು. ದಾರಕ್ಕೆ ಕಟ್ಟಿದ ಕಬ್ಬಿಣದ ಉಂಗುರವನ್ನು ಪಾದರಸದ ಮೇಲೆ ಹಿಡಿದರೆ ಅದು ತೂಗುವುದೆಂದೂ, ನಡುವೆ ಗಾಜಿನ ಫಲಕವನ್ನಿಟ್ಟರೆ ನಿಲ್ಲುವುದೆಂದೂ ಅಂದು ಪ್ರತೀತಿಯಿದ್ದಿತು. 1812ರಲ್ಲಿ ಶೆವ್ರಲ್ ತಾನೇ ಇದನ್ನು ಮಾಡಿನೋಡಿದಾಗ ಫಲ ಪ್ರತೀತಿಯಂತೆಯೇ ಬಂದಿತು. ಅವನು ಅಲ್ಲಿಗೆ ನಿಲ್ಲಿಸದೆ, ತೋಳಿಗೆ ಮರದ ಆಧಾರ ಕೊಟ್ಟು ಅದನ್ನು ಭುಜದಿಂದ ಬೆರಳಿನ ಕಡೆಗೆ ಕ್ರಮಕ್ರಮವಾಗಿ ಸರಿಸಿದನು. ಆಧಾರ ಬೆರಳಿಗೆ ಸಮೀಪಿಸಿದಂತೆಲ್ಲ ತೂಗಾಟ ಕುಗ್ಗಿತು. ಬೆರಳುಗಳೇ ಆಧಾರದ ಮೇಲೆ ಊರಿದಾಗ ನಿಂತುಹೋಯಿತು. ಬಳಿಕ ತನ್ನ ಕಣ್ಣು ಕಟ್ಟಿಸಿಕೊಂಡು, ಗಾಜನ್ನು ತನಗೆ ತಿಳಿಯದಂತೆ ಇಡಲೂ ತೆಗೆಯಲೂ ಮತ್ತೊಬ್ಬನಿಗೆ ಹೇಳಿದನು. ಆಗ ಗಾಜಿನಿಂದ ಯಾವ ಪರಿಣಾಮವೂ ಆಗಲಿಲ್ಲ. ಉಂಗುರವನ್ನು ತೂಗಿದುದು ತನ್ನ ಸ್ನಾಯುಗಳೇ. ಅವನ್ನು ಪ್ರೇರಿಸಿದುದು ತನ್ನ ನಿರೀಕ್ಷೆ. ಆದರೂ ಆ ಪ್ರೇರಣೆಯ ಅರಿವು ತನಗಿರಲಿಲ್ಲ ಎಂಬುದು ಅವನು ಕಂಡ ಸತ್ಯ. ಇದನ್ನು ಅವನು 1833ರಲ್ಲಿ ಆಂಪೇರನಿಗೆ ಬರೆದ ಬಹಿರಂಗ ಪತ್ರದಲ್ಲಿ ಪ್ರಕಟಿಸಿ, 1854ರಲ್ಲಿ ಕವಲುಕಡ್ಡಿಯನ್ನು ಕುರಿತ ಗ್ರಂಥದಲ್ಲಿ ವಿಸ್ತರಿಸಿದನು. ಇಂಥ ಅರಿವಿಲ್ಲದ ಚಲನೆಗೆ ಇಂಗ್ಲೆಂಡಿನ ವಿಲಿಯಂ ಕಾರ್ಪೆಂಟರನು 1852ರಲ್ಲಿ ಶಾಸ್ತ್ರೀಯವಾದ ಹೆಸರಿಟ್ಟನು.

ಶೆವ್ರಲ್‌ನ ಪ್ರಯೋಗದಿಂದ ಎರಡು ಮಾತುಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ಶೋಧಕನನ್ನು ಮೋಸಗಾರನೆಂದು ಊಹಿಸುವ ಅಗತ್ಯವಿಲ್ಲ. ಅತ್ಯಂತ ಪ್ರಾಮಾಣಿಕನ ಕೈಯಲ್ಲಿಯೂ ಕಡ್ಡಿ ಬಾಗುತ್ತದೆ. ಎರಡನೆಯದಾಗಿ, ಕಡ್ಡಿ ಬಾಗುವುದನ್ನು ನೋಡುವುದರಿಂದ ಯಾವುದೂ ಇತ್ಯರ್ಥವಾಗದು. ಉತ್ತರ ತಿಳಿಯದಿದ್ದಾಗಲೂ ಅದು ಸರಿಯಾದ ಸ್ಥಳದಲ್ಲಿಯೇ ಬಾಗುವುದೆ ಎಂಬುದೊಂದೇ ಪರೀಕ್ಷಾರ್ಹವಾದ ಪ್ರಶ್ನೆ.

4. ಪರೀಕ್ಷಕನ ಅರಿವು

ಶೋಧಕನ ಅರಿವನ್ನು ಮರೆಸಿದರೆ ಸಾಲದು, ಪರೀಕ್ಷಕನ ಅರಿವನ್ನೂ ಮರೆಸಬೇಕೆಂಬ ಪಾಠವನ್ನು ಕಲಿಸಿದುದು ಒಂದು ಕುದುರೆ. ಬರ್ಲಿನಿನ ಹಾನ್ಸ್ ಎಂಬ ಕುದುರೆ ಲೆಕ್ಕದ ಪ್ರಶ್ನೆಗಳಿಗೆ ಗೊರಸು ಬಡಿದು ಉತ್ತರ ಹೇಳುತ್ತಿದ್ದಿತು. ಯಜಮಾನನು ವಂಚಕನಾಗಿರಲಿಲ್ಲ; ಅವನ ಅನುಪಸ್ಥಿತಿಯಲ್ಲಿಯೂ ಕುದುರೆ ಸರಿಯುತ್ತರ ಕೊಡುತ್ತಿದ್ದಿತು. 1907ರಲ್ಲಿ ಆಸ್ಕರ್ ಪ್‌ಫುಂಗ್‌ಸ್ಟ್ ಪ್ರಕಟಿಸಿದ ಅಧ್ಯಯನವು ಇದರ ಮರ್ಮವನ್ನು ಬಿಡಿಸಿತು. ಪ್ರಶ್ನೆ ಕೇಳುವವನಿಗೇ ಉತ್ತರ ತಿಳಿಯದಿದ್ದಾಗ ಕುದುರೆ ತಪ್ಪುತ್ತಿದ್ದಿತು. ಬಡಿತ ಸರಿಯಾದ ಸಂಖ್ಯೆಗೆ ಬಂದಾಗ ಕೇಳುವವನ ತಲೆ ಅವನಿಗೇ ಅರಿವಿಲ್ಲದಂತೆ ಕೊಂಚ ಮೇಲೇಳುವುದನ್ನು ಕುದುರೆ ಗ್ರಹಿಸುತ್ತಿದ್ದಿತು. ಕುದುರೆಗೆ ಕಂಡ ಸಂಜ್ಞೆ ಮನುಷ್ಯನಿಗೆ ಕಾಣಿಸದೆಂದು ಹೇಳುವಂತಿಲ್ಲ. ಲಿಯಾನಿನ ತೋಟದಲ್ಲಿ ಉಳಿದಿದ್ದ ರಂಧ್ರವಿದು.

ಇದರ ಜೊತೆಗೆ ಮತ್ತೊಂದು ಸಾಧನ ಸೇರಿತು. ಆರ್. ಎ. ಫಿಷರನು 1935ರಲ್ಲಿ ಪ್ರಕಟಿಸಿದ ‘ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್’ ಗ್ರಂಥದಲ್ಲಿ, ಬಟ್ಟಲಿಗೆ ಹಾಲನ್ನು ಮೊದಲು ಹಾಕಿದರೋ ಚಹವನ್ನೋ ಎಂಬುದನ್ನು ರುಚಿಯಿಂದ ಹೇಳಬಲ್ಲೆನೆಂದ ಮಹಿಳೆಯ ಉದಾಹರಣೆಯಿದೆ. ಎಂಟು ಬಟ್ಟಲುಗಳಲ್ಲಿ ನಾಲ್ಕು ಒಂದು ಬಗೆ, ನಾಲ್ಕು ಮತ್ತೊಂದು ಬಗೆ. ಅವುಗಳ ಕ್ರಮ ಅದೃಷ್ಟಾಧೀನ. ಎಲ್ಲವನ್ನೂ ಊಹೆಯಿಂದಲೇ ಸರಿಯಾಗಿ ವಿಂಗಡಿಸುವ ಸಂಭವ 70ರಲ್ಲಿ 1. ಕ್ರಮವನ್ನು ಅದೃಷ್ಟಕ್ಕೆ ಒಪ್ಪಿಸಿದುದರಿಂದಲೇ ಈ ಸಂಭವವನ್ನು ಲೆಕ್ಕಹಾಕಲು ಸಾಧ್ಯವಾಯಿತೆಂಬುದು ಫಿಷರನ ಬೋಧೆಯ ಸಾರ.

5. ಇಪ್ಪತ್ತನೆಯ ಶತಮಾನದ ಪ್ರಯೋಗಗಳು

ಬ್ರಿಟನ್ನಿನ ರಕ್ಷಣಾ ಇಲಾಖೆ ನಡೆಸಿದ ಪ್ರಯೋಗಗಳನ್ನು ಆರ್. ಎ. ಫೌಕ್ಸ್ 1971ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿಮಾಡಿದನು. ಹೂತಿಟ್ಟ ವಸ್ತುಗಳನ್ನು ಗುರುತಿಸುವುದರಲ್ಲಿ ಶೋಧಕರು ಬರಿಯ ಊಹೆಗಿಂತ ಮೇಲಾಗಲಿಲ್ಲ. ನೆಲಬಾಂಬುಗಳನ್ನು ಹುಡುಕುವ ಸೈನ್ಯಕ್ಕೆ ಇದು ಪ್ರಾಣದ ಪ್ರಶ್ನೆಯಾಗಿದ್ದಿತು.

ಲೋಹಶೋಧನೆಯ ದೃಷ್ಟಿಯಿಂದ 1980ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಜೇಮ್ಸ್ ರ‍್ಯಾಂಡಿ, ಡಿಕ್ ಸ್ಮಿತ್ ಇವರು ಏರ್ಪಡಿಸಿದ ಪರೀಕ್ಷೆ ವಿಶೇಷ ಪರಿಶೀಲನೆಗೆ ಅರ್ಹ. ನೀರು, ಚಿನ್ನ, ಹಿತ್ತಾಳೆ ಇವುಗಳಲ್ಲಿ ಪ್ರತಿಯೊಂದಕ್ಕೂ ಊಹೆಯಿಂದ ಗೆಲ್ಲುವ ಸಂಭವ ಹತ್ತರಲ್ಲಿ ಒಂದು. ಶೋಧಕರು ನಿಯಮಗಳಿಗೆ ಮೊದಲೇ ಸಮ್ಮತಿಸಿ, ಶೇಕಡಾ 80ಕ್ಕೂ ಮಿಕ್ಕು ಸರಿಯಾಗಿ ಹೇಳುವೆವೆಂದಿದ್ದರು. ನೀರಿನಲ್ಲಿ 50ಕ್ಕೆ 11, ಚಿನ್ನದಲ್ಲಿ 35ಕ್ಕೆ 4, ಹಿತ್ತಾಳೆಯಲ್ಲಿ 26ಕ್ಕೆ ಸೊನ್ನೆ. ಒಟ್ಟು 111ಕ್ಕೆ 15, ಎಂದರೆ ಶೇಕಡಾ 13.5. ಊಹೆಯಿಂದ ನಿರೀಕ್ಷಿಸತಕ್ಕುದು ಸುಮಾರು 11. ಈ ವ್ಯತ್ಯಾಸ ಅದೃಷ್ಟದ ಸಹಜವಾದ ಏರಿಳಿತದೊಳಗಿನದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನೀರಿನ ಫಲವನ್ನು ಮಾತ್ರ ಬೇರ್ಪಡಿಸಿದರೆ, 50 ಪ್ರಯತ್ನಗಳಲ್ಲಿ 11 ಅಥವಾ ಹೆಚ್ಚು ಊಹೆಯಿಂದ ಸರಿಯಾಗುವ ಸಂಭವ ನೂರರಲ್ಲಿ ಒಂದಕ್ಕೂ ತುಸು ಕಡಮೆ. ಶೋಧಕರ ಪಕ್ಷಪಾತಿ ಇದನ್ನು ಜಯವೆನ್ನಬಹುದು. ಎದುರಾಳಿ ಹಿತ್ತಾಳೆಯ ಸೊನ್ನೆಯನ್ನು ಎತ್ತಿ ತೋರಿಸಬಹುದು. ಫಲ ಕೈಗೆ ಬಂದ ಮೇಲೆ ತಮಗೆ ಬೇಕಾದ ಭಾಗವನ್ನು ಆರಿಸಿಕೊಳ್ಳುವ ಈ ಎರಡು ಕ್ರಮಗಳೂ ಸಮಾನವಾಗಿ ಅನ್ಯಾಯ. ಯಾವ ಸಂಖ್ಯೆಯಿಂದ ತೀರ್ಪಾಗಬೇಕೆಂಬುದು ಮೊದಲೇ ಬರೆದಿಡತಕ್ಕ ವಿಷಯ.

ಮ್ಯೂನಿಕ್ಕಿನ ಬಳಿ 1987–88ರಲ್ಲಿ ನಡೆದ ಪ್ರಯೋಗಗಳು ಇದೇ ಪಾಠವನ್ನು ದೊಡ್ಡ ಪ್ರಮಾಣದಲ್ಲಿ ತೋರಿಸುತ್ತವೆ. ಕಣಜದ ಕೆಳಗಿನ ಅಂತಸ್ತಿನಲ್ಲಿ ನೀರು ಹರಿಯುವ ಕೊಳವೆಯನ್ನು ಬೇರೆಬೇರೆ ಸ್ಥಾನಗಳಲ್ಲಿ ನಿಲ್ಲಿಸಿ, ಮೇಲಂತಸ್ತಿನ 10 ಮೀಟರ್ ರೇಖೆಯ ಮೇಲೆ ಶೋಧಕರನ್ನು ನಡೆಸಲಾಯಿತು. ಮೊದಲು ಬಂದ ಸುಮಾರು 500 ಜನರಲ್ಲಿ ಆಯ್ದ 43 ಮಂದಿ 843 ಪ್ರಯತ್ನಗಳನ್ನು ಮಾಡಿದರು. ಹೆಚ್ಚಿನವರು ವಿಫಲರಾದರೂ ಕೆಲವರಿಗೆ ಅಸಾಧಾರಣ ಶಕ್ತಿಯಿದೆಯೆಂದು ಪ್ರಯೋಗಕರ್ತರು ಸಾರಿದರು. 1999ರಲ್ಲಿ ಜಿಮ್ ಎನ್‌ರೈಟ್ ಆ ಅಂಕಿಗಳನ್ನು ಮರುಪರಿಶೀಲಿಸಿ, ಒಂದು ಸರಣಿಯಲ್ಲಿ ಮೇಲಾದವರು ಮತ್ತೊಂದು ಸರಣಿಯಲ್ಲಿ ಆ ಮೇಲ್ಮೆಯನ್ನು ಉಳಿಸಿಕೊಳ್ಳಲಿಲ್ಲವೆಂದು ತೋರಿಸಿದನು. ಪ್ರತಿಸಲವೂ ರೇಖೆಯ ಮಧ್ಯಬಿಂದುವನ್ನೇ ಹೇಳುವವನಿಗಿಂತ ಅತ್ಯುತ್ತಮ ಶೋಧಕನ ಸರಾಸರಿ ಮೇಲ್ಮೆ 4 ಮಿಲಿಮೀಟರ್ ಮಾತ್ರ.

6. ನ್ಯಾಯವಾದ ಪರೀಕ್ಷೆಯ ರಚನೆ

ಮೇಲ್ಕಂಡ ಚರಿತ್ರೆಯಿಂದ ಲೋಹಶೋಧನೆಯ ಪರೀಕ್ಷೆಗೆ ಈ ಕ್ರಮ ನಿಷ್ಪನ್ನವಾಗುತ್ತದೆ.

ಮೊದಲು ಶೋಧಕನ ಹೇಳಿಕೆಯನ್ನು ಅವನ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಯಾವ ಲೋಹ, ಎಷ್ಟು ತೂಕ, ಎಷ್ಟು ದೂರದಿಂದ, ನೂರಕ್ಕೆ ಎಷ್ಟು ಸಲ ಎಂಬುದನ್ನು ಅವನೇ ಹೇಳಬೇಕು. ಪರೀಕ್ಷೆಯ ನೆಲದಲ್ಲಿ ಮೊದಲೇ ಹೂತ ಲೋಹವೋ ಬೇರೆ ಅಡ್ಡಿಯೋ ಇದೆಯೆ ಎಂದು ಅವನ ಕಡ್ಡಿಯಿಂದಲೇ ಪರಿಶೀಲಿಸಲು ಅವಕಾಶವಿರಬೇಕು.

ಎರಡನೆಯದಾಗಿ, ಒಂದೇ ಆಕಾರದ ಮುಚ್ಚಳವಿರುವ ಹತ್ತು ಪೆಟ್ಟಿಗೆಗಳಿರಲಿ. ಒಂದರಲ್ಲಿ ಲೋಹ, ಉಳಿದವುಗಳಲ್ಲಿ ಅಷ್ಟೇ ತೂಕದ ಕಲ್ಲು. ಎಲ್ಲದರಲ್ಲಿಯೂ ಮರಳು ತುಂಬಿರಲಿ. ಲೋಹ ಎಲ್ಲಿದೆಯೆಂದು ತಿಳಿಸಿಯೇ ಮೊದಲು ಕೆಲವು ಪ್ರಯತ್ನಗಳನ್ನು ಮಾಡಿಸಬೇಕು. ಈ ಬಹಿರಂಗ ಪ್ರಯತ್ನದಲ್ಲಿ ಕಡ್ಡಿ ಎಂದಿನಂತೆ ಬಾಗಿತೆಂದು ಶೋಧಕನು ಒಪ್ಪಿದ ಬಳಿಕ, ಪೆಟ್ಟಿಗೆ ಸರಿಯಿರಲಿಲ್ಲ, ಸ್ಥಳ ಒಗ್ಗಲಿಲ್ಲ ಎಂಬ ಮಾತಿಗೆ ಎಡೆಯುಳಿಯದು. ಇದರಿಂದ ಹೆಚ್ಚಿನ ರಕ್ಷಣೆ ಶೋಧಕನಿಗೇ. ಅಡ್ಡಿ ನಿಜವಾಗಿದ್ದರೆ ಅದು ಸೋಲಿಗೆ ಮುನ್ನವೇ ಗೊತ್ತಾಗುತ್ತದೆ.

ಮೂರನೆಯದಾಗಿ, ಲೋಹದ ಸ್ಥಾನವನ್ನು ಪ್ರತಿಸಲವೂ ಚೀಟಿಯೆತ್ತಿ ನಿರ್ಣಯಿಸಬೇಕು. ಮನಸ್ಸಿಗೆ ತೋರಿದಂತೆ ಇಡುವವನು ತುದಿಯ ಪೆಟ್ಟಿಗೆಯನ್ನೂ ಹಿಂದಿನ ಸಲದ ಪೆಟ್ಟಿಗೆಯನ್ನೂ ತನಗರಿಯದೆ ಬಿಟ್ಟುಬಿಡುತ್ತಾನೆ. ಅದೇ ಬಗೆಯ ಮನಸ್ಸುಳ್ಳ ಶೋಧಕನು ಅದನ್ನು ಊಹಿಸಬಲ್ಲನು. ಇಟ್ಟವನು ಸ್ಥಾನವನ್ನು ಬರೆದು ಲಕೋಟೆಯಲ್ಲಿ ಮೊಹರು ಮಾಡಿ, ಶೋಧಕನು ಬರುವ ಮೊದಲೇ ಬೇರೆ ದಾರಿಯಿಂದ ಹೊರಟುಹೋಗಬೇಕು. ಶೋಧಕನೊಡನಿರುವ ಪರೀಕ್ಷಕನಿಗೆ ಉತ್ತರ ತಿಳಿದಿರಬಾರದು. ಎಲ್ಲ ಪ್ರಯತ್ನಗಳೂ ಮುಗಿದ ಮೇಲೆಯೇ ಲಕೋಟೆಗಳನ್ನು ಒಡೆಯಬೇಕು.

ನಾಲ್ಕನೆಯದು ಗೆಲುವಿನ ಗೆರೆ. ಹತ್ತು ಪೆಟ್ಟಿಗೆಗಳೊಡನೆ ಹತ್ತು ಪ್ರಯತ್ನಗಳಾದರೆ, ಊಹೆಯಿಂದ ಐದು ಅಥವಾ ಹೆಚ್ಚು ಸರಿಯಾಗುವ ಸಂಭವ ಸುಮಾರು 600ರಲ್ಲಿ 1. ನೂರಕ್ಕೆ 80 ಸಲ ಗುರುತಿಸುವ ಶಕ್ತಿ ನಿಜವಾಗಿ ಇರುವವನು ಐದಕ್ಕಿಂತ ಕೆಳಗೆ ಬೀಳುವ ಸಂಭವ ಸಾವಿರದಲ್ಲಿ 6ರಷ್ಟು ಮಾತ್ರ. ಆದುದರಿಂದ ಐದು ಎಂಬ ಗೆರೆ ಎರಡೂ ಪಕ್ಷಗಳಿಗೆ ನ್ಯಾಯವಾದುದು: ಶಕ್ತಿಯಿಲ್ಲದವನು ಸುಲಭವಾಗಿ ದಾಟಲಾರ, ಶಕ್ತಿಯುಳ್ಳವನು ದುರದೃಷ್ಟದಿಂದ ಸೋಲಲಾರ. ಗೆರೆಯನ್ನು ನಾಲ್ಕಕ್ಕೆ ಇಳಿಸಿದರೆ ಊಹೆಯ ಸಂಭವ 80ರಲ್ಲಿ 1ಕ್ಕೆ ಏರುತ್ತದೆ. ಶಕ್ತಿಯಿಲ್ಲದ ನೂರು ಜನರನ್ನು ಪರೀಕ್ಷಿಸಿದರೆ ಅವರಲ್ಲಿ ಒಬ್ಬಿಬ್ಬರು ಗೆಲ್ಲುವುದನ್ನು ನಿರೀಕ್ಷಿಸಬೇಕಾಗುತ್ತದೆ. ಹಲವರಲ್ಲಿ ಒಬ್ಬನು ಗೆದ್ದಾಗ ಅವನನ್ನು ಮಾತ್ರ ಹೊಸದಾಗಿ, ಬೇರೆ ಪರೀಕ್ಷಕರಿಂದ ಮತ್ತೊಮ್ಮೆ ಪರೀಕ್ಷಿಸಬೇಕು.

ಐದನೆಯದಾಗಿ, ನಡುವೆ ನಿಲ್ಲಿಸುವುದಕ್ಕಾಗಲಿ ಕೆಲವು ಪ್ರಯತ್ನಗಳನ್ನು ಕೈಬಿಡುವುದಕ್ಕಾಗಲಿ ಯಾರಿಗೂ ಅಧಿಕಾರವಿರಬಾರದು. ಈ ಎಲ್ಲ ಷರತ್ತುಗಳನ್ನೂ ಬರೆದು ಇಬ್ಬರೂ ಮೊದಲೇ ಸಹಿಮಾಡಬೇಕು.

ನಮ್ಮ ನಾಡಿನಲ್ಲಿ ಹೆಚ್ಚು ಪರಿಚಿತವಾದುದು ಲೋಹಕ್ಕಿಂತ ನೀರಿನ ಶೋಧನೆ. ವರಾಹಮಿಹಿರನ ಬೃಹತ್ಸಂಹಿತೆಯ ದಕಾರ್ಗಲ ಪ್ರಕರಣವೂ, ಹನ್ನೊಂದನೆಯ ಶತಮಾನದ ಚಾವುಂಡರಾಯನ ಕನ್ನಡ ‘ಲೋಕೋಪಕಾರ’ವೂ ಅಂತರ್ಜಲದ ವಿಷಯವನ್ನು ನಿರೂಪಿಸಿವೆ. ದಕಾರ್ಗಲವು ಗಿಡಮರ, ಹುತ್ತ ಮೊದಲಾದ ಹೊರಗಿನ ಗುರುತುಗಳನ್ನು ಆಧರಿಸಿದೆ. ಅಂಥ ಗುರುತುಗಳನ್ನು ಯಾರು ಬೇಕಾದರೂ ನೋಡಿ ಪರಿಶೀಲಿಸಬಹುದು. ಕವಲುಕಡ್ಡಿಯನ್ನೋ ಅಂಗೈ ಮೇಲಿನ ತೆಂಗಿನಕಾಯಿಯನ್ನೋ ನಂಬಿ ಕೊಳವೆಬಾವಿಗೆ ಸ್ಥಳ ಗೊತ್ತುಮಾಡುವ ರೂಢಿ ಬೇರೆ. ಅಲ್ಲಿ ನೀರು ಬಿದ್ದರೂ, ಕಡ್ಡಿ ಬಾಗದಿದ್ದ ಪಕ್ಕದ ಸ್ಥಳದಲ್ಲಿ ಕೊರೆದು ನೋಡುವವರಿಲ್ಲ. ಹೋಲಿಕೆಯಿಲ್ಲದ ಗೆಲುವಿನಿಂದ ಏನೂ ಸಿದ್ಧವಾಗದು. ರೈತನ ಸಾಲದ ಹಣ ನೆಲಕ್ಕಿಳಿಯುವ ಈ ವಿಷಯದಲ್ಲಿಯೂ ಮೇಲಿನ ವಿಧಿಗಳೇ ಅನ್ವಯಿಸುತ್ತವೆ.

7. ಉಪಸಂಹಾರ

ಈ ವಿಚಾರ ಕೇವಲ ಗತಕಾಲದ್ದಲ್ಲ. ಹಿಡಿಯ ಮೇಲೆ ತಿರುಗುವ ಕಡ್ಡಿಯುಳ್ಳ ‘ಜಿಟಿ 200’ ಎಂಬ ಉಪಕರಣವನ್ನು ಸ್ಫೋಟಕಶೋಧಕವೆಂದು ಹಲವು ದೇಶಗಳಿಗೆ ಮಾರಲಾಗಿದ್ದಿತು. 2010ರ ಫೆಬ್ರವರಿಯಲ್ಲಿ ಥಾಯ್ಲೆಂಡಿನ ಸರ್ಕಾರ ಅದನ್ನು ಅಂಧಪರೀಕ್ಷೆಗೆ ಒಡ್ಡಿತು. ನಾಲ್ಕು ಪೆಟ್ಟಿಗೆಗಳಲ್ಲಿ ಒಂದರಲ್ಲಿ ಸ್ಫೋಟಕ. 20 ಪ್ರಯತ್ನಗಳಲ್ಲಿ ಸರಿಯಾದುವು 4. ಊಹೆಯಿಂದಲೇ 5 ಸರಿಯಾಗಬೇಕಾಗಿದ್ದಿತು. ಇದೇ ಬಗೆಯ ‘ಎಡಿಇ 651’ ಉಪಕರಣವನ್ನು ಇರಾಕಿನ ತನಿಖಾ ಠಾಣೆಗಳಿಗೆ ಮಾರಿದ ಜೇಮ್ಸ್ ಮೆಕಾರ್ಮಿಕ್‌ಗೆ ಇಂಗ್ಲೆಂಡಿನ ನ್ಯಾಯಾಲಯ 2013ರಲ್ಲಿ ಹತ್ತು ವರ್ಷಗಳ ಸೆರೆವಾಸ ವಿಧಿಸಿತು. ಅಷ್ಟರಲ್ಲಿ ಆ ಠಾಣೆಗಳನ್ನು ಹಾದುಹೋದ ಬಾಂಬುಗಳಿಗೆ ಬೆಲೆ ತೆತ್ತವರು ಬೀದಿಯ ಜನ. ನಾಲ್ಕು ಪೆಟ್ಟಿಗೆ, ಒಂದು ಹಗಲು—ಇಷ್ಟು ಸಾಕಾಗಿದ್ದ ಪರೀಕ್ಷೆಯನ್ನು ಕೊಳ್ಳುವ ಮೊದಲು ನಡೆಸಲಿಲ್ಲ.

ಅಂಧಪರೀಕ್ಷೆಯ ವಿಕಾಸವೆಂದರೆ ಮರೆಸಬೇಕಾದ ಅರಿವಿನ ವ್ಯಾಪ್ತಿ ಹಿಗ್ಗುತ್ತ ಬಂದ ಕಥೆ. 1692ರಲ್ಲಿ ಶೋಧಕನ ಕಣ್ಣನ್ನು ಕಟ್ಟಿದರು. 1784ರಲ್ಲಿ ಅವನ ನಿರೀಕ್ಷೆಯನ್ನು ಬೇರ್ಪಡಿಸಿದರು. 1812ರಲ್ಲಿ ಪ್ರಾಮಾಣಿಕನಾದ ವಿಜ್ಞಾನಿ ತನ್ನ ಕೈಯನ್ನೇ ಸಂದೇಹಿಸಿದನು. 1907ರಲ್ಲಿ ಪರೀಕ್ಷಕನ ಮೈಯೂ ಮಾತನಾಡುವುದೆಂದು ಗೊತ್ತಾಯಿತು. 1935ರ ಬಳಿಕ ಅದೃಷ್ಟಕ್ಕೂ ಲೆಕ್ಕ ದೊರೆಯಿತು. ಈ ವಿಧಿಗಳಲ್ಲಿ ಒಂದೂ ಶೋಧಕನನ್ನು ಅವಮಾನಿಸಲು ಹುಟ್ಟಿದುದಲ್ಲ. ಲೋಹವನ್ನು ಅರಿಯುವ ಶಕ್ತಿ ಯಾರಲ್ಲಿಯಾದರೂ ಇದ್ದರೆ, ಅದನ್ನು ಲೋಕ ಒಪ್ಪುವಂತೆ ಸ್ಥಾಪಿಸಲು ಇರುವ ದಾರಿಯೂ ಇದೊಂದೇ.